ಆರ್ಕಿಡ್ ಬೇರಿಗೆ ಯಾವುದು ಸರಿ: ತೊಗಟೆಯೋ, ಪಾಚಿಯೋ, ತೆಂಗಿನ ಸಿಪ್ಪೆಯೋ, ಜೇಡಿಮಣ್ಣಿನ ಗುಂಡೋ?

ಹೂವೆಲ್ಲ ಉದುರಿದೆ. ಎಲೆ ಸ್ವಲ್ಪ ಜೋತುಬಿದ್ದಿದೆ. ನೀರು ಕಮ್ಮಿಯಾಯಿತೇನೋ ಅಂತ ಇನ್ನಷ್ಟು ಹಾಕಿದ್ದೀರಿ, ಎಲೆ ಮತ್ತಷ್ಟು ಬಾಡಿದೆ. ಕೊನೆಗೆ ಗಿಡವನ್ನು ಕುಂಡದಿಂದ ಎತ್ತಿ ನೋಡಿದರೆ ಅರ್ಧಕ್ಕರ್ಧ ಬೇರು ಕಂದಾಗಿ, ಮೆತ್ತಗಾಗಿ, ಕೈ ಹಾಕಿದ ಕೂಡಲೇ ಸಿಪ್ಪೆ ಕಳಚಿ ಬರುತ್ತಿದೆ. ಈಗ ಹೊಸದಾಗಿ ಏನು ತುಂಬಬೇಕು? ಗೊಂದಲ ಶುರುವಾಗುವುದೇ ಇಲ್ಲಿ. ಒಬ್ಬರು ತೊಗಟೆ ಬಿಟ್ಟು ಬೇರೇನೂ ಮುಟ್ಟಬೇಡಿ ಅಂತಾರೆ. ಇನ್ನೊಬ್ಬರ ಗಿಡ ಒಣಗಿಸಿದ ಸ್ಫ್ಯಾಗ್ನಮ್ ಪಾಚಿಯಲ್ಲೇ ವರ್ಷಗಟ್ಟಲೆ ಚೆನ್ನಾಗಿದೆ. ಮತ್ತೊಬ್ಬರು ಜೇಡಿಮಣ್ಣಿನ ಗುಂಡು ತುಂಬಿ, ತಳದಲ್ಲಿ ನೀರು ನಿಲ್ಲಿಸಿ ಬೆಳೆಸುತ್ತಾರೆ. ಅದೂ ಹೂ ಬಿಡುತ್ತದೆ.

ಮೂವರು ಹೇಳುವುದೂ ನಿಜ. ಅವರವರ ಕೋಣೆಯ ಗಾಳಿ ಬೇರೆ, ನೀರು ಹಾಕುವ ಕೈ ಬೇರೆ, ಅಷ್ಟೇ. ಹಾಗಾಗಿ ನಿಮ್ಮ ಕೋಣೆಯಲ್ಲಿ, ನಿಮ್ಮ ಕೈಯಲ್ಲಿ ಯಾವುದು ಸರಿಯಾದ ದಿನಕ್ಕೆ ಒಣಗುತ್ತದೆ ಅನ್ನುವುದನ್ನು ನೋಡಿ ಆರಿಸಬೇಕು. ನಾನು ಹೇಳುವ ಪ್ರತಿಯೊಂದು ಮಾತೂ ಕೊನೆಗೆ ಈ ಒಣಗುವ ದಿನದ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಮನೆಯೊಳಗೆ ಜಾಸ್ತಿ ಜನ ಇಟ್ಟುಕೊಳ್ಳುವುದು ಫೆಲನಾಪ್ಸಿಸ್ ಅನ್ನುವ ಜಾತಿಯ ಆರ್ಕಿಡ್ ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಬೇರೆಯವು ಬಂದಾಗ ಹೆಸರು ಹೇಳುತ್ತೇನೆ.

ಮೊದಲು ಬೇರನ್ನು ನೋಡಿ

ಫೆಲನಾಪ್ಸಿಸ್ ಕಾಡಿನಲ್ಲಿ ಮಣ್ಣಲ್ಲಿ ಬೆಳೆಯುವ ಗಿಡ ಅಲ್ಲ. ಮರದ ಕೊಂಬೆ ಹಿಡಿದು, ಬೇರನ್ನು ತೊಗಟೆಯ ಮೇಲೆ ಹರಡಿ, ಗಾಳಿಗೆ ಬಿಟ್ಟುಕೊಂಡು ಬದುಕುತ್ತದೆ. ಮಳೆ ಬಂದಾಗ ಬೇರು ಪೂರ್ತಿ ನೆನೆಯುತ್ತದೆ, ಮಳೆ ನಿಂತು ಗಾಳಿ ಬೀಸಿದರೆ ಮತ್ತೆ ಒಣಗುತ್ತದೆ. ಈ ಬದುಕಿಗೆ ಹೊಂದುವ ಹಾಗೆ ಬೇರಿನ ಸುತ್ತ ಸ್ಪಂಜಿನಂಥ ಹೊದಿಕೆ ಇದೆ, ಅದಕ್ಕೆ ವೆಲಮೆನ್ ಅಂತ ಹೆಸರು. ಅದು ಸತ್ತ ಕೋಶಗಳ ಪದರ. ನೀರು ತಾಗಿದ ಕೂಡಲೇ ಹೀರಿಕೊಂಡು, ಒಳಗಿನ ಜೀವಂತ ಬೇರಿಗೆ ನಿಧಾನವಾಗಿ ಕೊಡುತ್ತದೆ. ಒಣಗಿದಾಗ ಈ ಪದರದ ತುಂಬ ಗಾಳಿ ಇರುವುದರಿಂದ ಬೇರು ಬೆಳ್ಳಿಯ ಬಣ್ಣದಲ್ಲಿ ಕಾಣುತ್ತದೆ. ನೆನೆದಾಗ ಪದರ ಪಾರದರ್ಶಕವಾಗಿ ಒಳಗಿನ ಹಸಿರು ಹೊರಗೆ ತೋರುತ್ತದೆ. ಹೌದು, ಬೆಳಕು ಬಿದ್ದ ಬೇರೂ ಎಲೆಯ ಹಾಗೆ ಒಂದಿಷ್ಟು ಆಹಾರ ತಯಾರಿಸುತ್ತದೆ.

ಇಂಥ ಬೇರನ್ನು ಸದಾ ತೇವ ಇರುವ, ಗಾಳಿಯಾಡದ ಜಾಗದಲ್ಲಿ ಹೂತರೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಬೇರು ಸಾಯುತ್ತದೆ, ಸತ್ತ ಬೇರನ್ನು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ ತಿನ್ನುತ್ತವೆ. ನಾವು ಅದನ್ನು ಬೇರು ಕೊಳೆ ಅಂತೀವಿ. ಬೇರು ಹೋದ ಮೇಲೆ ಎಲೆಗೆ ನೀರು ಸಿಗುವುದಿಲ್ಲ, ಎಲೆ ಬಾಡುತ್ತದೆ, ನಾವು ಬಾಯಾರಿದೆ ಅಂದುಕೊಂಡು ಮತ್ತೆ ನೀರು ಹಾಕುತ್ತೇವೆ. ನನ್ನ ಮೊದಲ ಗಿಡ ಹೋಗಿದ್ದು ಹೀಗೇ. ಬಿಗಿಯಾಗಿ ಒತ್ತಿದ ಪಾಚಿ, ಹೊರಗೆ ತೂತಿಲ್ಲದ ಚಂದದ ಪಿಂಗಾಣಿ ಕುಂಡ, ದಿನ ಬಿಟ್ಟು ದಿನ ನೀರು. 4 ತಿಂಗಳಿಗೆ ಒಂದು ಬೇರೂ ಉಳಿಯಲಿಲ್ಲ. ತುಂಬಾ ನೋವಾಯಿತು.

ಈ ಪಾಠ ಹಳೆಯದು. 19ನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಬಂದ ಉಷ್ಣವಲಯದ ಆರ್ಕಿಡ್‌ಗಳನ್ನು ಅಲ್ಲಿನವರು ಮುಚ್ಚಿದ, ಬಿಸಿ ಹಬೆ ತುಂಬಿದ ಗಾಜಿನ ಮನೆಯಲ್ಲಿ ಇಡುತ್ತಿದ್ದರು. ರಾಶಿ ರಾಶಿ ಗಿಡ ಸತ್ತವು. 1830ರ ದಶಕದಲ್ಲಿ ಅಲ್ಲಿನ ಚಾಟ್ಸ್‌ವರ್ತ್ ಎಸ್ಟೇಟಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಒಳಗೆ ಗಾಳಿ ಆಡಲು ಬಿಟ್ಟ ಮೇಲೆ ಗಿಡಗಳು ಉಳಿಯತೊಡಗಿದವು.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ನೀರು ಹಾಕುವ ಕೈ. ನಿಮಗೆ ದಿನಾ ಗಿಡದ ಹತ್ತಿರ ಹೋಗಿ ಏನಾದರೂ ಮಾಡದೆ ಇರಲು ಆಗುವುದಿಲ್ಲವಾ? ಹಾಗಾದರೆ ಬೇಗ ಒಣಗುವ ವಸ್ತು ಬೇಕು. ವಾರಗಟ್ಟಲೆ ಮರೆಯುವ ಅಭ್ಯಾಸ ಇದೆಯಾ, ಊರು ಬಿಟ್ಟು ಹೋಗುವುದು ಜಾಸ್ತಿಯಾ? ತೇವ ಹಿಡಿದಿಡುವ ವಸ್ತು ಬೇಕು. ಇದರಲ್ಲಿ ನಿಮಗೆ ನೀವೇ ಸತ್ಯ ಹೇಳಿಕೊಳ್ಳಬೇಕು, ಯಾಕೆಂದರೆ "ಇನ್ಮೇಲೆ ಸರಿಯಾಗಿ ನೋಡಿಕೊಳ್ತೀನಿ" ಅನ್ನುವ ನಂಬಿಕೆಯ ಮೇಲೆ ಆರಿಸಿದ ಮಿಶ್ರಣ ಎರಡು ತಿಂಗಳಲ್ಲಿ ಕೈ ಕೊಡುತ್ತದೆ.

ಎರಡನೆಯದು ಕೋಣೆಯ ಗಾಳಿ. ಏಸಿ ಅಥವಾ ಹೀಟರ್ ಓಡುವ ಕೋಣೆಯಲ್ಲಿ ಗಾಳಿ ಒಣಗಿರುತ್ತದೆ, ಕುಂಡವೂ ಬೇಗ ಒಣಗುತ್ತದೆ. ಮಳೆಗಾಲದ ತೇವ, ಕಿಟಕಿ ಮುಚ್ಚಿದ ಮೂಲೆ, ಕಮ್ಮಿ ಬೆಳಕು ಇದ್ದರೆ ಅದೇ ಕುಂಡ ಎರಡು ಪಟ್ಟು ದಿನ ಒದ್ದೆಯಾಗಿರುತ್ತದೆ. ಚಳಿಯೂ ಹಾಗೆಯೇ. ಕೋಣೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಫೆಲನಾಪ್ಸಿಸ್ ಬೆಳೆಯುವುದೇ ನಿಧಾನ, ನೀರು ಕುಡಿಯುವುದೂ ನಿಧಾನ.

ಮೂರನೆಯದು ಬೇರಿನ ಈಗಿನ ಸ್ಥಿತಿ. ಗಟ್ಟಿ ಬೇರು ತುಂಬ ಇರುವ ಗಿಡಕ್ಕೆ ಒಂದು ದಾರಿ, ಎರಡೇ ಬೇರು ಉಳಿದ ಗಿಡಕ್ಕೆ ಬೇರೆ ದಾರಿ.

ನಾಲ್ಕನೆಯದು ನೀರಿನ ಗುಣ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದೆ ಅಂದರೆ ನಿಮ್ಮ ನೀರು ಗಡಸು. ಕೆಲವು ವಸ್ತುಗಳು ಇದನ್ನು ತಾಳಿಕೊಳ್ಳುತ್ತವೆ, ಕೆಲವು ಉಪ್ಪನ್ನು ಕೂಡಿಸಿಟ್ಟು ಬೇರಿನ ತುದಿ ಸುಡುತ್ತವೆ.

ಕೊನೆಗೆ ದುಡ್ಡು ಮತ್ತು ಶ್ರಮ. ಇಲ್ಲಿ ಒಂದು ಚೀಲದ ಬೆಲೆ ನೋಡಿದರೆ ಸಾಲದು, ಎಷ್ಟು ತಿಂಗಳಿಗೊಮ್ಮೆ ಬದಲಾಯಿಸಬೇಕು ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಿ.

ಇಷ್ಟನ್ನೂ ಸೇರಿಸಿ ನಾನು ಇಟ್ಟುಕೊಂಡ ಅಳತೆ ಇದು: ಪೂರ್ತಿ ನೆನೆಸಿದ ದಿನದಿಂದ ಕುಂಡದ ನಡುಭಾಗ ಒಣಗುವುದಕ್ಕೆ ಹತ್ತಿರ ಬರಲು 5ರಿಂದ 8 ದಿನ ಹಿಡಿಯಬೇಕು. 3 ದಿನಕ್ಕೇ ಒಣಗಿದರೆ ನಿಮಗೆ ಕೆಲಸ ಜಾಸ್ತಿ. 12 ದಿನ ಆದರೂ ಒದ್ದೆ ಇದ್ದರೆ ಬೇರಿಗೆ ಅಪಾಯ.

ತೊಗಟೆ ಚೂರು

ಪೈನ್ ಅಥವಾ ಫರ್ ಮರದ ತೊಗಟೆ. 20ನೇ ಶತಮಾನದ ಮಧ್ಯದವರೆಗೂ ಆರ್ಕಿಡ್ ಬೆಳೆಸುವವರು ಆಸ್ಮಂಡಾ ಅನ್ನುವ ಜರೀಗಿಡದ ಬೇರಿನ ನಾರು ತುಂಬುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ ಅದರ ಜಾಗಕ್ಕೆ ತೊಗಟೆ ಬಂತು, ಇವತ್ತಿಗೂ ಹೋಗಿಲ್ಲ. ಚೂರುಗಳ ನಡುವೆ ದೊಡ್ಡ ಸಂದು ಇರುವುದರಿಂದ ಬೇರಿಗೆ ಗಾಳಿ ಚೆನ್ನಾಗಿ ಸಿಗುತ್ತದೆ. ಹೆಚ್ಚು ನೀರು ಹಾಕುವ ಕೈಯವರನ್ನು ಕಾಪಾಡುವುದು ಇದೇ.

ಅಳತೆಯ ವಿಷಯದಲ್ಲಿ ಜನ ಎಡವುತ್ತಾರೆ. ಚಿಕ್ಕ ಸಸಿಗೆ 3ರಿಂದ 6 ಮಿಲಿಮೀಟರ್, ಸಾಮಾನ್ಯ ಫೆಲನಾಪ್ಸಿಸ್‌ಗೆ 6ರಿಂದ 12, ದಪ್ಪ ಬೇರಿನ ಕ್ಯಾಟ್ಲಿಯಾದಂಥವಕ್ಕೆ 15ರಿಂದ 25 ಮಿಲಿಮೀಟರ್ ಚೂರು ಸರಿ. ಒಣ ಗಾಳಿಯ ಕೋಣೆಯಲ್ಲಿ ದೊಡ್ಡ ಚೂರು ಹಾಕಿದರೆ 2–3 ದಿನಕ್ಕೇ ಒಣಗಿ ಬೇರು ಸುಕ್ಕುಗಟ್ಟುತ್ತದೆ. ಮಳೆಗಾಲದ ತೇವದಲ್ಲಿ ಸಣ್ಣ ಚೂರು ಹಾಕಿದರೆ ಅದು ಮಣ್ಣಿನ ಹಾಗೇ ಆಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ, ಆದರೆ ಬಹಳ ಮುಖ್ಯ. ಹೊಸ ತೊಗಟೆ ನೀರನ್ನು ಹೀರುವುದೇ ಇಲ್ಲ, ಮೇಲಿಂದ ಜಾರಿ ಹೋಗುತ್ತದೆ. ಅದಕ್ಕೇ ತುಂಬುವ ಹಿಂದಿನ ರಾತ್ರಿ ನೆನೆಹಾಕಬೇಕು. ಹಾಗೆ ಮಾಡಿದರೂ ಮೊದಲ ಕೆಲವು ವಾರ ಬೇಗ ಒಣಗುತ್ತದೆ. ತಿಂಗಳುಗಳು ಕಳೆದಂತೆ ತೊಗಟೆ ಮೆತ್ತಗಾಗಿ ಜಾಸ್ತಿ ನೀರು ಹಿಡಿಯತೊಡಗುತ್ತದೆ. ಅಂದರೆ ಮೊದಲ ತಿಂಗಳು ನೀವು ಕಲಿತ ಲೆಕ್ಕ ಒಂದು ವರ್ಷದ ನಂತರ ತಪ್ಪಾಗುತ್ತದೆ, ಅದೇ ದಿನಕ್ಕೆ ಅದೇ ಪ್ರಮಾಣದ ನೀರು ಹಾಕುತ್ತಲೇ ಇದ್ದರೂ ಬೇರು ಕೊಳೆಯತೊಡಗುತ್ತದೆ. "ಎರಡು ವರ್ಷ ಚೆನ್ನಾಗಿತ್ತು, ಏನೂ ಬದಲಾಯಿಸಿಲ್ಲ, ಈಗ ಯಾಕೆ ಸಾಯ್ತಿದೆ?" ಅನ್ನುವವರಿಗೆ ಉತ್ತರ ಇಲ್ಲೇ ಇರುತ್ತದೆ. ಒಂದು ಚೂರು ತೆಗೆದು ಬೆರಳಲ್ಲಿ ಹಿಸುಕಿ. ಪುಡಿಯಾದರೆ, ಮಣ್ಣಿನ ವಾಸನೆ ಬಂದರೆ ಬದಲಾಯಿಸುವ ಸಮಯ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ.

ಒಂದು ನಷ್ಟ: ಕೊಳೆಯುವ ತೊಗಟೆಯಲ್ಲಿನ ಸೂಕ್ಷ್ಮಜೀವಿಗಳು ಗೊಬ್ಬರದ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. ತೊಗಟೆಯಲ್ಲಿ ಬೆಳೆಯುವ ಗಿಡಕ್ಕೆ ಗೊಬ್ಬರ ಪೂರ್ತಿ ನಿಲ್ಲಿಸಬೇಡಿ.

ಸ್ಫ್ಯಾಗ್ನಮ್ ಪಾಚಿ

ಒಣಗಿದ ಉದ್ದ ಎಳೆಯ ಪಾಚಿ ಇದು. ತನ್ನ ತೂಕದ ಸುಮಾರು 20 ಪಟ್ಟು ನೀರು ಹಿಡಿಯುತ್ತದೆ. ಒಳ್ಳೆಯ ಪಾಚಿ ಜಾಸ್ತಿ ಬರುವುದು ನ್ಯೂಜಿಲೆಂಡ್ ಮತ್ತು ಚಿಲಿಯಿಂದ.

ಕೊಂಡು ತಂದ ಗಿಡಗಳು ಪಾಚಿಯಲ್ಲೇ ಇರುತ್ತವಲ್ಲಾ, ಹಾಗಾದರೆ ಅದೇ ಒಳ್ಳೆಯದಲ್ವಾ ಅಂತ ಅನಿಸುವುದು ಸಹಜ. ತೈವಾನ್‌ನಲ್ಲಿ ಲಕ್ಷಗಟ್ಟಲೆ ಫೆಲನಾಪ್ಸಿಸ್ ಪಾಚಿಯಲ್ಲೇ ಬೆಳೆದು ಬೇರೆ ದೇಶಗಳಿಗೆ ಹೋಗುತ್ತವೆ. ಆದರೆ ಅಲ್ಲಿನ ಗಾಜಿನ ಮನೆಯಲ್ಲಿ ಬೆಳಕು, ಬಿಸಿ, ಗಾಳಿ ಎಲ್ಲ ಹತೋಟಿಯಲ್ಲಿರುತ್ತದೆ, ನೀರು ಹಾಕುವವರು ದಿನವಿಡೀ ಅದೇ ಕೆಲಸ ಮಾಡುವವರು. ಪಾಚಿ ಹಗುರ, ಸಾಗಣೆಯಲ್ಲಿ ಚೆಲ್ಲುವುದಿಲ್ಲ, ಅಂಗಡಿಯಲ್ಲಿ ಎರಡು ವಾರ ನೀರು ಹಾಕದಿದ್ದರೂ ನಡೆಯುತ್ತದೆ. ಬೆಳೆಸುವವರ, ಮಾರುವವರ ಅನುಕೂಲ ಅದು. ನಿಮ್ಮ ಕೋಣೆಯ ಮೂಲೆಯಲ್ಲಿ ಅದೇ ಪಾಚಿ 15 ದಿನ ಒದ್ದೆಯಾಗಿ ಕೂತಿರಬಹುದು.

ಹಾಗಂತ ಪಾಚಿ ಕೆಟ್ಟದ್ದಲ್ಲ. ಏಸಿ ಇಡೀ ದಿನ ಓಡುವ ಕೋಣೆಗೆ, ವಾರಕ್ಕೆ ಒಮ್ಮೆ ಮಾತ್ರ ಗಿಡ ನೋಡುವವರಿಗೆ, ಬೇರು ಕಳೆದುಕೊಂಡು ಎರಡು ಮೂರು ಉಳಿದ ಗಿಡಕ್ಕೆ ಇದು ನಿಜಕ್ಕೂ ಒಳ್ಳೆಯದು. ಬೇರು ಕಮ್ಮಿ ಇರುವ ಗಿಡಕ್ಕೆ ತೇವದ ಗಾಳಿ ಬೇಕು, ಅದನ್ನು ಪಾಚಿ ಕೊಡುತ್ತದೆ. ಎರಡು ನಿಯಮ ಪಾಲಿಸಿ. ಒಂದು, ಒತ್ತಬೇಡಿ. ನೆನೆಸಿ ಚೆನ್ನಾಗಿ ಹಿಂಡಿ, ಎಳೆ ಬಿಡಿಸಿ, ಬೇರಿನ ಸುತ್ತ ಹಗುರವಾಗಿ ಸುತ್ತಿ, ಬೆರಳು ಸುಲಭವಾಗಿ ಒಳಗೆ ಹೋಗಬೇಕು. ಎರಡು, ಮೇಲ್ಭಾಗ ಗರಿಗರಿಯಾಗುವವರೆಗೆ ನೀರು ಹಾಕಬೇಡಿ. ಹಾಗೆಂದು ಪೂರ್ತಿ ಒಣಗಿಸಿದರೆ ಅದು ಮತ್ತೆ ನೀರು ಹೀರಲು ಒಪ್ಪುವುದಿಲ್ಲ, ಆಗ ಕುಂಡವನ್ನೇ 15–20 ನಿಮಿಷ ನೀರಲ್ಲಿ ಇಡಬೇಕಾಗುತ್ತದೆ.

ಬೆಲೆ ತೊಗಟೆಗಿಂತ ಜಾಸ್ತಿ, ಬಾಳಿಕೆ ಕಮ್ಮಿ. ವರ್ಷಕ್ಕೊಮ್ಮೆ ಬದಲಾಯಿಸುವುದು ಕ್ಷೇಮ. ಗಡಸು ನೀರಿದ್ದರೆ ಇನ್ನೂ ಬೇಗ, ಉಪ್ಪೆಲ್ಲ ಅದರಲ್ಲೇ ಕೂರುತ್ತದೆ.

ಹೊಸ ಗಿಡ ತಂದಾಗ ಒಂದು ಕೆಲಸ ತಪ್ಪದೆ ಮಾಡಿ. ಹೊರಗೆ ತೊಗಟೆ ಕಂಡರೂ ನಡುವೆ, ಬುಡದ ಕೆಳಗೆ, ಒಂದು ಗಟ್ಟಿ ಪಾಚಿಯ ಉಂಡೆ ಅಥವಾ ಸ್ಪಂಜಿನ ತುಂಡು ಇರಬಹುದು. ಗಿಡ ಸಸಿಯಾಗಿದ್ದಾಗ ಇಟ್ಟದ್ದು ಅದು. ಸುತ್ತಲಿನ ತೊಗಟೆ ಒಣಗಿದರೂ ಈ ಉಂಡೆ ಒದ್ದೆಯಾಗೇ ಇರುತ್ತದೆ, ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಹೂವು ಮುಗಿದ ಮೇಲೆ ಅದನ್ನು ಬೆರಳಲ್ಲೇ ಬಿಡಿಸಿ ತೆಗೆಯಿರಿ.

ತೆಂಗಿನ ಸಿಪ್ಪೆ ಚೂರು

ನಾನು ಹೇಳುತ್ತಿರುವುದು ಕತ್ತರಿಸಿದ ಸಿಪ್ಪೆಯ ಘನ ಚೂರು. ಕೋಕೋಪೀಟ್ ಪುಡಿ ಅಲ್ಲ. ಪುಡಿಯನ್ನು ಆರ್ಕಿಡ್ ಕುಂಡಕ್ಕೆ ಹಾಕಲೇಬೇಡಿ, ಅದು ಕೆಸರಾಗುತ್ತದೆ.

ಚೂರು ಮಾತ್ರ ತೊಗಟೆಗೂ ಪಾಚಿಗೂ ನಡುವಿನದು. ತೊಗಟೆಗಿಂತ ಹೆಚ್ಚು ತೇವ ಹಿಡಿಯುತ್ತದೆ, ಪಾಚಿಗಿಂತ ಹೆಚ್ಚು ಗಾಳಿ ಬಿಡುತ್ತದೆ, ಒಣಗಿದರೂ ಮತ್ತೆ ಸುಲಭವಾಗಿ ನೆನೆಯುತ್ತದೆ. ಬಾಳಿಕೆಯೂ ಪರವಾಗಿಲ್ಲ, ಎರಡು ವರ್ಷದ ಹತ್ತಿರ. ತೆಂಗು ಬೆಳೆಯುವ ಕಡೆ ಎಲ್ಲಕ್ಕಿಂತ ಅಗ್ಗವೂ ಹೌದು. ತೊಂದರೆ ಒಂದೇ, ಉಪ್ಪು. ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ಇರುತ್ತದೆ. ತೊಳೆಯದೆ ಹಾಕಿದರೆ ಹೊಸ ಬೇರಿನ ಹಸಿರು ತುದಿ ಕಪ್ಪಾಗಿ ನಿಂತುಬಿಡುತ್ತದೆ. ಒಂದು ದಿನ ನೆನೆಸಿ, ಕಂದು ನೀರು ಚೆಲ್ಲಿ, ಮತ್ತೆ ನೆನೆಸಿ. ಮೂರು ನಾಲ್ಕು ಸಲ, ನೀರು ತಿಳಿಯಾಗುವವರೆಗೆ. ಕೊನೆಯ ನೆನೆಯುವಿಕೆಗೆ ಚಿಟಿಕೆ ಕ್ಯಾಲ್ಸಿಯಂ ನೈಟ್ರೇಟ್ ಸೇರಿಸಿದರೆ ಉಳಿದ ಸೋಡಿಯಂ ಕೂಡ ಬಿಟ್ಟುಬರುತ್ತದೆ. ಈ ಕೆಲಸಕ್ಕೆ ತಾಳ್ಮೆ ಇದ್ದರೆ, ದುಡ್ಡು ಉಳಿಸಬೇಕಿದ್ದರೆ, ನನ್ನ ಆಯ್ಕೆ ಇದೇ. ತುಂಬಾ ತೇವದ ಕೋಣೆಗಾದರೆ ಇದರ ಜೊತೆ ಅರ್ಧದಷ್ಟು ಇದ್ದಿಲು ಸೇರಿಸಿ.

ಇದ್ದಿಲು, ಇಟ್ಟಿಗೆ ಚೂರು, ಹೆಂಚಿನ ಚೂರು

ಇವು ಕೊಳೆಯುವುದಿಲ್ಲ, ಬೇಗ ಒಣಗುತ್ತವೆ. ಬಿಸಿ ಮತ್ತು ತೇವ ಎರಡೂ ಇರುವ ಕಡೆ, ದಿನಾ ನೀರು ಹಾಕಲು ಆಗುವವರಿಗೆ, ವಾಂಡಾ ಮತ್ತು ಡೆಂಡ್ರೋಬಿಯಂನಂಥ ಗಿಡಕ್ಕೆ ಚೆನ್ನಾಗಿ ನಡೆಯುತ್ತವೆ. ಫೆಲನಾಪ್ಸಿಸ್‌ಗೆ ಇದೊಂದೇ ಸಾಲದು, ಬೇರೆಯದರ ಜೊತೆ ಸೇರಿಸಿ. ಇಟ್ಟಿಗೆ ಚೂರಿನ ಧೂಳು ಚೆನ್ನಾಗಿ ತೊಳೆಯಿರಿ. ಇದ್ದಿಲು ಮರದ್ದೇ ಆಗಿರಲಿ. ಅಡುಗೆ ಗ್ರಿಲ್‌ಗೆ ಮಾರುವ, ಪುಡಿ ಒತ್ತಿ ಮಾಡಿದ ಉಂಡೆ ಬೇಡ.

ಜೇಡಿಮಣ್ಣಿನ ಗುಂಡು, ತಳದಲ್ಲಿ ನೀರು

ಲೇಕಾ ಅಂತ ಸಿಗುತ್ತದೆ. ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಹಗುರ ಗುಂಡು. ಕುಂಡದ ಪಕ್ಕದಲ್ಲಿ, ತಳದಿಂದ ಸುಮಾರು 2.5 ಸೆಂಟಿಮೀಟರ್ ಮೇಲೆ ಎರಡು ಸಣ್ಣ ತೂತು ಕೊರೆಯಬೇಕು. ಅದರ ಕೆಳಗೆ ನೀರು ನಿಲ್ಲುತ್ತದೆ, ಗುಂಡುಗಳು ಬತ್ತಿಯ ಹಾಗೆ ಮೇಲಕ್ಕೆ ತೇವ ಎಳೆಯುತ್ತವೆ, ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ.

ಬೇರಿಗೆ ಸದಾ ನೀರು ಆಗುವುದಿಲ್ಲ ಅಂತ ಹೇಳಿ ಈಗ ನೀರು ನಿಲ್ಲಿಸಿ ಅಂತಿದ್ದೀನಲ್ಲ ಅಂತ ಅನಿಸಬಹುದು. ಬೇರನ್ನು ಕೊಲ್ಲುವುದು ಉಸಿರು ಕಟ್ಟುವುದು, ಬರೀ ನೀರಲ್ಲ. ಗುಂಡುಗಳ ನಡುವೆ ಗಾಳಿ ಇರುವವರೆಗೆ ತೇವ ತೊಂದರೆ ಮಾಡುವುದಿಲ್ಲ. ಆದರೆ ತೊಗಟೆಯಲ್ಲಿ ಬೆಳೆದ ಹಳೆಯ ಬೇರು ಈ ತೇವಕ್ಕೆ ಹೊಂದಿಕೊಳ್ಳುವುದಿಲ್ಲ, ಬಹಳಷ್ಟು ಸಾಯುತ್ತವೆ. ಇಲ್ಲೇ ಹುಟ್ಟಿದ ಹೊಸ ಬೇರು ಹೊಂದಿಕೊಂಡು ಬೆಳೆಯುತ್ತದೆ. ಅದಕ್ಕೇ ಹೊಸ ಬೇರು ಮೊಳೆಯುತ್ತಿರುವ ಹೊತ್ತಲ್ಲೇ ಬದಲಾಯಿಸಬೇಕು. ಬೇರು ಬರುವ ಲಕ್ಷಣವೇ ಇಲ್ಲದ ಗಿಡವನ್ನು ಇದಕ್ಕೆ ಹಾಕಿದರೆ ಇದ್ದದ್ದೂ ಹೋಗುತ್ತದೆ.

ಲಾಭ ದೊಡ್ಡದು. ಗುಂಡು ಕೊಳೆಯುವುದಿಲ್ಲ, ತೊಳೆದು ಮತ್ತೆ ಬಳಸಬಹುದು, ಮೊದಲ ಖರ್ಚು ಆದಮೇಲೆ ವರ್ಷಗಟ್ಟಲೆ ಖರ್ಚಿಲ್ಲ. 8–10 ದಿನ ಊರಲ್ಲಿ ಇಲ್ಲದಿದ್ದರೂ ಗಿಡಕ್ಕೆ ಚಿಂತೆಯಿಲ್ಲ. ನಷ್ಟ ಎರಡು. ಗಡಸು ನೀರಿದ್ದರೆ ಗುಂಡಿನ ಮೇಲ್ಭಾಗದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಪ್ರತಿ ಸಲ ಮೇಲಿಂದ ನೀರು ಹರಿಸಿ ಹಳೆಯದನ್ನು ಹೊರಗೆ ತಳ್ಳಬೇಕು. ಇನ್ನೊಂದು ಚಳಿ. ಗುಂಡಿನಿಂದ ನೀರು ಆವಿಯಾಗುವಾಗ ಬೇರಿನ ಜಾಗ ಕೋಣೆಗಿಂತ ತಣ್ಣಗಾಗುತ್ತದೆ. ಚಳಿಯ ಕೋಣೆಯಲ್ಲಿ ಇದು ಬೇಡ.

ಬರೀ ನೀರಲ್ಲಿ ಗಾಜಿನ ಪಾತ್ರೆಯಲ್ಲಿ ಬೆಳೆಸುವುದೂ ಇದೆ. ನೋಡಲು ಚೆನ್ನಾಗಿರುತ್ತದೆ. ಬೇರಿನ ತುದಿ ಮಾತ್ರ ನೀರಲ್ಲಿದ್ದು, ನೀರು ವಾರಕ್ಕೊಮ್ಮೆ ಬದಲಾಗುತ್ತಿದ್ದರೆ ಕೆಲವು ಗಿಡ ಉಳಿಯುತ್ತವೆ. ಹೊಸಬರಿಗೆ ನಾನು ಹೇಳುವುದಿಲ್ಲ.

ಮರದ ತುಂಡಿಗೆ ಅಥವಾ ಕಾರ್ಕ್ ಹಲಗೆಗೆ ಕಟ್ಟಿ ನೇತುಹಾಕುವುದು ಕಾಡಿನ ಬದುಕಿಗೆ ಎಲ್ಲಕ್ಕಿಂತ ಹತ್ತಿರ. ಬೇರು ಕೊಳೆಯುವ ಮಾತೇ ಬಹುತೇಕ ಇಲ್ಲ. ಆದರೆ ಮನೆಯೊಳಗಿನ ಗಾಳಿಯಲ್ಲಿ ದಿನಾ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಬೇಕು. ನೆಲಕ್ಕೆ ನೀರು ತೊಟ್ಟಿಕ್ಕುವುದನ್ನೂ ಯೋಚಿಸಿ.

ಕುಂಡವೂ ಅಷ್ಟೇ ಮುಖ್ಯ

ಒಂದೇ ಮಿಶ್ರಣ ಬೇರೆ ಬೇರೆ ಕುಂಡದಲ್ಲಿ ಬೇರೆ ಬೇರೆ ದಿನಕ್ಕೆ ಒಣಗುತ್ತದೆ. ಹೊಸಬರಿಗೆ ಪಾರದರ್ಶಕ ಪ್ಲಾಸ್ಟಿಕ್ ಕುಂಡಕ್ಕಿಂತ ಒಳ್ಳೆಯದು ಇಲ್ಲ. ಬೇರಿನ ಬಣ್ಣ ಕಾಣುತ್ತದೆ, ಒಳಗಿನ ಗೋಡೆಗೆ ನೀರಿನ ಹನಿ ಅಂಟಿದ್ದರೆ ಇನ್ನೂ ತೇವ ಇದೆ ಅಂತ ಗೊತ್ತಾಗುತ್ತದೆ. ಅಗ್ಗವೂ ಹೌದು. ಪಕ್ಕದಲ್ಲಿ ನಾಲ್ಕೈದು ತೂತು ಕೊರೆದರೆ ಇನ್ನೂ ಒಳ್ಳೆಯದು. ಮಣ್ಣಿನ ಕುಂಡ ಗೋಡೆಯಿಂದಲೇ ನೀರನ್ನು ಬಿಡುತ್ತದೆ, ಬೇರನ್ನು ತಂಪಾಗಿಡುತ್ತದೆ, ಪಾಚಿಗೆ ಹೇಳಿ ಮಾಡಿಸಿದ ಜೋಡಿ. ಆದರೆ ಬೇರು ಗೋಡೆಗೆ ಅಂಟಿಕೊಂಡು, ಬದಲಾಯಿಸುವಾಗ ಕಿತ್ತುಬರುತ್ತದೆ. ತಂತಿ ಅಥವಾ ಮರದ ಬುಟ್ಟಿ ವಾಂಡಾಕ್ಕೆ. ಚಂದದ ಪಿಂಗಾಣಿ ಕುಂಡ ಬೇಕೇ ಬೇಕು ಅಂದರೆ ಅದನ್ನು ಹೊರಗಿನ ಹೊದಿಕೆ ಮಾಡಿ, ಒಳಗಿನ ಪ್ಲಾಸ್ಟಿಕ್ ಕುಂಡವನ್ನು ತೆಗೆದು ನೀರು ಹಾಕಿ, ಪೂರ್ತಿ ಸೋರಿದ ಮೇಲೆ ವಾಪಸ್ ಇಡಿ.

ಅಳತೆ ಬೇರಿಗೆ ತಕ್ಕಷ್ಟೇ ಇರಲಿ. ದೊಡ್ಡ ಕುಂಡದ ನಡುಭಾಗ ಬೇರಿಲ್ಲದೆ ಒದ್ದೆಯಾಗಿ ಕೂರುತ್ತದೆ. ಅನಿವಾರ್ಯವಾಗಿ ದೊಡ್ಡದೇ ಹಾಕಬೇಕಾದರೆ ನಡುವೆ ಒಂದು ಚಿಕ್ಕ ಜಾಲರಿ ಕುಂಡವನ್ನು ಬೋರಲು ಹಾಕಿ ಅದರ ಸುತ್ತ ತುಂಬಿ, ನಡುವಲ್ಲಿ ಗಾಳಿ ಉಳಿಯುತ್ತದೆ.

ಯಾರಿಗೆ ಯಾವುದು

ಕೈ ಸುಮ್ನೆ ಇರದೆ ಜಾಸ್ತಿ ನೀರು ಹಾಕುವವರು: ಮಧ್ಯಮ ತೊಗಟೆ, ಜೊತೆಗೆ ಸ್ವಲ್ಪ ಇದ್ದಿಲು, ತೂತಿರುವ ಪಾರದರ್ಶಕ ಕುಂಡ. ಮರೆಯುವವರು ಮತ್ತು ಒಣ ಗಾಳಿಯ ಕೋಣೆಯವರು: ಮಣ್ಣಿನ ಕುಂಡದಲ್ಲಿ ಸಡಿಲ ಪಾಚಿ, ಅಥವಾ ಮೂರು ಪಾಲು ತೊಗಟೆಗೆ ಒಂದು ಪಾಲು ಪಾಚಿ ಹರಿದು ಬೆರೆಸಿದ್ದು. ಪದೇ ಪದೇ ಊರು ಬಿಟ್ಟು ಹೋಗುವ, ಬೆಚ್ಚನೆಯ ಕೋಣೆ ಮತ್ತು ಮೃದು ನೀರು ಇರುವವರಿಗೆ ಜೇಡಿಮಣ್ಣಿನ ಗುಂಡು. ಖರ್ಚು ಕಮ್ಮಿ ಮಾಡಬೇಕು, ತೊಳೆಯಲು ಬೇಸರವಿಲ್ಲ ಅನ್ನುವವರಿಗೆ ತೆಂಗಿನ ಸಿಪ್ಪೆ. ಹತ್ತಾರು ಗಿಡ ಇದ್ದರೆ ಒಂದೇ ಮಿಶ್ರಣಕ್ಕೆ ಎಲ್ಲವನ್ನೂ ತನ್ನಿ. ಒಂದೊಂದಕ್ಕೆ ಒಂದೊಂದು ಲೆಕ್ಕ ನೆನಪಿಡುವುದು ನನಗೂ ಆಗಲಿಲ್ಲ, ಆ ವರ್ಷ ಎರಡು ಗಿಡ ಕಳೆದುಕೊಂಡೆ.

ಪ್ಯಾಫಿಯೋಪೆಡಿಲಂ ಅನ್ನುವ ಆರ್ಕಿಡ್ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಅದರ ಹೆಚ್ಚಿನ ಜಾತಿಗಳು ಕಾಡಿನ ನೆಲದ ಎಲೆಗೊಬ್ಬರದಲ್ಲಿ ಬೆಳೆಯುವಂಥವು. ಪೂರ್ತಿ ಒಣಗಲು ಬಿಡಬಾರದು, ಸಣ್ಣ ತೊಗಟೆಯೇ ಸರಿ.

ಯಾವುದನ್ನೇ ಆರಿಸಿದರೂ

ನೀರು ಹಾಕುವುದಕ್ಕೆ ವಾರದ ದಿನ ಗೊತ್ತು ಮಾಡಬೇಡಿ. ಬೇರು ಬೆಳ್ಳಿ ಬಣ್ಣಕ್ಕೆ ಬಂದಿದೆಯಾ ನೋಡಿ, ಕುಂಡ ಎತ್ತಿ ತೂಕ ನೋಡಿ, ಒಂದು ಮರದ ಕಡ್ಡಿ ನಡುವೆ ಚುಚ್ಚಿ 10 ನಿಮಿಷ ಬಿಟ್ಟು ತೆಗೆದು ತೇವ ನೋಡಿ. ಹಾಕುವಾಗ ಮಾತ್ರ ಧಾರಾಳವಾಗಿ, ತಳದಿಂದ ಸೋರುವ ತನಕ. ನೀರಿನ ಬದಲು ಕುಂಡದ ಮೇಲೆ ಮಂಜುಗಡ್ಡೆ ಇಡುವುದು ಸರಿಯಾ ಅಂತ ಬಹಳ ಜನ ಕೇಳುತ್ತಾರೆ. ಓಹಾಯೋ ಸ್ಟೇಟ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಗಟೆಯಲ್ಲಿದ್ದ ಫೆಲನಾಪ್ಸಿಸ್‌ಗೆ ವಾರಕ್ಕೆ ಮೂರು ಮಂಜುಗಡ್ಡೆ ಇಟ್ಟರೂ ಬೇರಿಗೆ ಹಾನಿಯಾಗಲಿಲ್ಲ. ಹಾಗಾಗಿ ಅದು ಕೊಲ್ಲುತ್ತದೆ ಅನ್ನುವುದು ಸುಳ್ಳು. ಆದರೂ ನಾನು ಮಾಡುವುದಿಲ್ಲ, ಯಾಕೆಂದರೆ ಅಷ್ಟು ಕಮ್ಮಿ ನೀರು ಕುಂಡದೊಳಗಿನ ಗೊಬ್ಬರದ ಉಪ್ಪನ್ನು ತೊಳೆದು ಹೊರಗೆ ತರುವುದಿಲ್ಲ.

ಗೊಬ್ಬರ ಪೊಟ್ಟಣದ ಮೇಲೆ ಬರೆದದ್ದರ ಕಾಲು ಭಾಗ ಸಾಕು. ಒಣ ಬೇರಿಗೆ ನೇರವಾಗಿ ಗೊಬ್ಬರದ ನೀರು ಬೇಡ, ಮೊದಲು ಬರಿ ನೀರು. ತಿಂಗಳಿಗೊಮ್ಮೆ ಬರಿ ನೀರಲ್ಲೇ ಚೆನ್ನಾಗಿ ತೊಳೆಯಿರಿ.

ಬದಲಾಯಿಸುವ ಹೊತ್ತು ಹೂವು ಮುಗಿದ ಮೇಲೆ, ಹೊಸ ಬೇರಿನ ಹಸಿರು ತುದಿ ಕಂಡಾಗ. ಕೊಳೆ ಶುರುವಾಗಿದ್ದರೆ ಮಾತ್ರ ಕಾಯಬೇಡಿ, ಹೂವಿದ್ದರೂ ತೆಗೆಯಿರಿ. ಬೇರನ್ನು ಮೊದಲು ನೀರಲ್ಲಿ ನೆನೆಸಿದರೆ ಬಳುಕುತ್ತದೆ, ಮುರಿಯುವುದಿಲ್ಲ. ಹಿಸುಕಿ ನೋಡಿ. ಗಟ್ಟಿ ಇದ್ದರೆ ಬಣ್ಣ ಹಳದಿಯಾಗಿದ್ದರೂ ಜೀವಂತ, ಬೆಳಕು ಸಿಗದ ಬೇರು ಹಾಗೇ ಇರುತ್ತದೆ. ಟೊಳ್ಳಾಗಿ, ಮೆತ್ತಗಾಗಿ, ಎಳೆದರೆ ದಾರದಂಥ ನಡುವಿನ ಎಳೆ ಮಾತ್ರ ಉಳಿದರೆ ಸತ್ತಿದೆ. ಕತ್ತರಿಯನ್ನು ಬೆಂಕಿಗೆ ಹಿಡಿದು ಅಥವಾ ಸ್ಪಿರಿಟ್‌ನಲ್ಲಿ ಒರೆಸಿ ಕತ್ತರಿಸಿ, ಇನ್ನೊಂದು ಗಿಡಕ್ಕೆ ಹೋಗುವ ಮೊದಲು ಮತ್ತೆ ಒರೆಸಿ. ದಾಲ್ಚಿನ್ನಿ ಪುಡಿ ಕತ್ತರಿಸಿದ ಬಾಯಿಗೆ ಮಾತ್ರ, ಒಳ್ಳೆಯ ಬೇರಿಗೆ ತಾಗಿದರೆ ಅದನ್ನೂ ಒಣಗಿಸುತ್ತದೆ. ಕುಂಡದಿಂದ ಹೊರಗೆ ಬಂದ ಬೇರನ್ನು ಕತ್ತರಿಸಬೇಡಿ, ಬಲವಂತವಾಗಿ ಒಳಗೂ ತುರುಕಬೇಡಿ, ಅದು ಗಾಳಿಗೆ ಒಗ್ಗಿಕೊಂಡ ಬೇರು. ಬೇರು ಕತ್ತರಿಸಿದ್ದರೆ 3–4 ದಿನ ನೀರು ಹಾಕದೆ ಗಾಯ ಒಣಗಲು ಬಿಡಿ.

ಆಮೇಲೆ ಮೊದಲ ಮೂರು ಸಲ ನೀರು ಹಾಕಿದ ದಿನ ಮತ್ತು ಕಡ್ಡಿ ಒಣಗಿ ಬಂದ ದಿನ ಬರೆದಿಡಿ. 8 ದಿನಕ್ಕಿಂತ ಜಾಸ್ತಿ ಹಿಡಿಯುತ್ತಿದ್ದರೆ ಕುಂಡಕ್ಕೆ ಇನ್ನೊಂದಿಷ್ಟು ತೂತು ಕೊರೆಯಿರಿ, ಇಲ್ಲಾ ಗಾಳಿಯಾಡುವ ಜಾಗಕ್ಕೆ ಸರಿಸಿ. 4 ದಿನಕ್ಕೇ ಒಣಗಿದರೆ ತೊಗಟೆಯ ಮೇಲೆ ತೆಳ್ಳಗೆ ಪಾಚಿ ಹರಡಿ, ಆದರೆ ಎಲೆಯ ಬುಡಕ್ಕೆ ತಾಗದ ಹಾಗೆ. ಗಿಡವನ್ನು ಮತ್ತೆ ಕಿತ್ತು ನೋಡುವ ಆಸೆ ಆಗುತ್ತದೆ, ಗೊತ್ತು. ಕುಂಡದ ಗೋಡೆಯ ಹತ್ತಿರ ಹೊಸ ಬೇರಿನ ಹಸಿರು ತುದಿ ಕಾಣುವವರೆಗೆ ಕೀಳಬೇಡಿ, ಒಂದೆರಡು ತಿಂಗಳಾದರೂ ಸರಿ.